ಮ್ಯಾಡ್ರಸ್, ಪ್ರೈನ್‌ವಿಲ್, ಲಾ ಪೈನ್: ಒರೆಗಾನ್‌ನ ಒಣ ಸೀಮೆಯಲ್ಲಿ ಯಾವ ಮನೆ ಕೊಳ್ಳಬೇಕು?

ಈ ವರ್ಷ ಮೂರು ಮನೆಯವರು ನನ್ನ ಹತ್ತಿರ ಒಂದೇ ಪ್ರಶ್ನೆ ತಂದರು. ಮೂವರೂ ಒರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬೊರೊ ಕಡೆ ಬಾಡಿಗೆಗೆ ಇರುವವರು. "ನಿಮ್ಮ ಕಡೆ ಮನೆ ಅಗ್ಗವಂತೆ, ಏನು ತಗೊಂಡ್ರೆ ಒಳ್ಳೇದು?" ಮೊದಲನೆಯವರದು ಎಚ್-1ಬಿ ವೀಸಾ, ಎಂಟು ತಿಂಗಳ ಮಗು. ಎರಡನೆಯವರಿಗೆ ಗ್ರೀನ್ ಕಾರ್ಡ್ ಇದೆ, ಪ್ರೈನ್‌ವಿಲ್‌ನ ಡೇಟಾ ಸೆಂಟರ್‌ನಲ್ಲಿ ಕೆಲಸ ಸಿಕ್ಕಿದೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮುಂಗಡ ಕಟ್ಟಲು ಕೈಯಲ್ಲಿ ದುಡ್ಡಿಲ್ಲ. ಮೂರನೆಯವರು ಮನೆಯಿಂದಲೇ ಕೆಲಸ ಮಾಡುತ್ತಾರೆ. ಒಂದೆಕರೆ ಜಾಗ ಬೇಕು, ಟೊಮ್ಯಾಟೊ ಮೆಣಸಿನಗಿಡ ಹಾಕಬೇಕು ಅನ್ನುವ ಆಸೆ ಅವರದು.

ಮೂವರಿಗೂ ಒಂದೇ ಉತ್ತರ ಕೊಡುವ ಹಾಗಿಲ್ಲ. ಅದಕ್ಕೇ ಕೂತು ಬರೆದೆ.

"ನಿಮ್ಮ ಕಡೆ" ಅಂದರೆ ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವಕ್ಕಿರುವ ಸೆಂಟ್ರಲ್ ಒರೆಗಾನ್. ಪೆಸಿಫಿಕ್ ಕಡೆಯ ಮೋಡ ಬೆಟ್ಟದ ಆ ಬದಿಯಲ್ಲೇ ಮಳೆ ಸುರಿಸಿ ಈ ಬದಿಗೆ ಬರುವಷ್ಟರಲ್ಲಿ ಬರಿದಾಗಿರುತ್ತದೆ. ನಮ್ಮ ಘಟ್ಟಕ್ಕೂ ಚಳ್ಳಕೆರೆಗೂ ಇರುವ ಸಂಬಂಧವೇ ಇದು. ಆದರೆ ಚಳ್ಳಕೆರೆಯಲ್ಲಿ ಬೀಳುವಷ್ಟು ಮಳೆಯೂ ಇಲ್ಲಿಲ್ಲ. ಮ್ಯಾಡ್ರಸ್, ಪ್ರೈನ್‌ವಿಲ್ ಕಡೆ ವರ್ಷಕ್ಕೆ ಸುಮಾರು 250 ಮಿಲಿಮೀಟರ್, ಅದರಲ್ಲೂ ಒಂದಷ್ಟು ಹಿಮವಾಗಿ. ನೆಲ ಎತ್ತರದಲ್ಲಿದೆ: ಮ್ಯಾಡ್ರಸ್ ಸುಮಾರು 2,200 ಅಡಿ, ಪ್ರೈನ್‌ವಿಲ್ 2,900, ಲಾ ಪೈನ್ 4,200. ಹಗಲು ಸುಡುವ ಬಿಸಿಲು, ರಾತ್ರಿ ಸ್ವೆಟರ್. ಅಂಗಳದಲ್ಲಿ ಬರಿಗಾಲಲ್ಲಿ ನಡೆದರೆ ಕಾಲಿಗೆ ಚುಚ್ಚುವ ಮುಳ್ಳು ಯಾವುದು ಗೊತ್ತಾ? ನಮ್ಮ ಹೊಲದ ಅದೇ ನೆಗ್ಗಿನಮುಳ್ಳು. ಇಲ್ಲಿ ಅದಕ್ಕೆ ಗೋಟ್‌ಹೆಡ್ ಅನ್ನುತ್ತಾರೆ. ಮಕ್ಕಳ ಸೈಕಲ್ ಟ್ಯೂಬು ವಾರಕ್ಕೊಮ್ಮೆ ಪಂಕ್ಚರ್.

ಇನ್ನು ಮ್ಯಾಡ್ರಸ್ ಊರಿನ ಹೆಸರು. ನಮ್ಮ ಮದ್ರಾಸಿನ ಹತ್ತಿ ಬಟ್ಟೆಯ ಥಾನಿನಿಂದ ಬಂತು ಅಂತ ಇಲ್ಲಿಯವರು ಹೇಳುತ್ತಾರೆ. ಇಡ್ಲಿ ಮಾತ್ರ ಸಿಗುವುದಿಲ್ಲ.

ಮೊದಲು ಏನನ್ನು ತೂಗಬೇಕು

ನಮ್ಮವರು ಮನೆ ನೋಡಲು ಹೋದರೆ ಮೊದಲು ಎಷ್ಟು ಬೆಡ್‌ರೂಮು, ಬಾಗಿಲು ಯಾವ ದಿಕ್ಕು, ಅಡುಗೆಮನೆ ಹೇಗಿದೆ ಅಂತ ನೋಡುತ್ತಾರೆ. ಇಲ್ಲಿ ನಾನು ಆ ಪಟ್ಟಿಯನ್ನು ತಲೆಕೆಳಗು ಮಾಡಿಕೊಂಡಿದ್ದೇನೆ. ನೀರು ಮೊದಲು. ಆಮೇಲೆ ಸಾಲ ಸಿಗುವ ಮನೆಯಾ ಅನ್ನುವುದು. ಆಮೇಲೆ ಚಳಿಗಾಲದ ರಸ್ತೆ, ಬೆಂಕಿ ಮತ್ತು ವಿಮೆ. ಬೆಡ್‌ರೂಮು ಕೊನೆಗೆ. ಯಾಕೆಂದರೆ ಬೆಡ್‌ರೂಮು ಕಟ್ಟಿಸಬಹುದು, ನೀರು ಕಟ್ಟಿಸಲಾಗದು.

ಊರಿನ ನಲ್ಲಿ, ಊರಿನ ಒಳಚರಂಡಿ ಇರುವ ಮನೆಯಾದರೆ ಈ ತಲೆನೋವು ಮುಕ್ಕಾಲು ಪಾಲು ಹೋಯಿತು. ಬೋರ್‌ವೆಲ್ ಮತ್ತು ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಮನೆಗಿಂತ ಮೊದಲು ಬಾವಿಯ ಜಾತಕ ನೋಡಬೇಕು. ಒರೆಗಾನ್‌ನಲ್ಲಿ 1955ರಿಂದ ಈಚೆಗೆ ಕೊರೆದ ಬಾವಿಗೆ "ವೆಲ್ ಲಾಗ್" ಅನ್ನುವ ದಾಖಲೆ ಇರಬೇಕು. ಎಷ್ಟು ಅಡಿಗೆ ನೀರು ಸಿಕ್ಕಿತು, ಕೇಸಿಂಗ್ ಎಷ್ಟು ಆಳ, ನಿಮಿಷಕ್ಕೆ ಎಷ್ಟು ಗ್ಯಾಲನ್ ಬಂತು ಎಲ್ಲ ಅದರಲ್ಲಿರುತ್ತದೆ. ರಾಜ್ಯದ ಜಲಸಂಪನ್ಮೂಲ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ನಮ್ಮ ಕಡೆ "ಎರಡು ಇಂಚು ನೀರು ಬಿತ್ತು" ಅನ್ನುತ್ತೇವಲ್ಲ, ಇಲ್ಲಿ ಲೆಕ್ಕ ಗ್ಯಾಲನ್ನಿನಲ್ಲಿ. ನಿಮಿಷಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್, ಬಂದರೆ ಒಂದು ಸಂಸಾರ ನಡೆಯುತ್ತದೆ.

ಮನೆ ಮಾರುವವರು ಬಾವಿ ನೀರನ್ನು ನೈಟ್ರೇಟ್, ಆರ್ಸೆನಿಕ್ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮೂರಕ್ಕೂ ಪರೀಕ್ಷೆ ಮಾಡಿಸಬೇಕು ಅನ್ನುವುದು ಈ ರಾಜ್ಯದ ಕಾನೂನು. ಆ ವರದಿ ಕೇಳಿ ಪಡೆಯಿರಿ. ಆದರೆ ನೀರು ಎಷ್ಟು ಬರುತ್ತದೆ ಅನ್ನುವುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿನ್ನುವ ಅಂಚಿಗೆ ಹೋದ ಮೇಲೆ.

ಪ್ರೈನ್‌ವಿಲ್‌ನ ಹೊರಗೆ ಒಂದು ಮನೆ ನೋಡಿದ್ದೆವು. ಎರಡೆಕರೆ, ಜೂನಿಪರ್ ಮರಗಳು, ಅಡುಗೆಮನೆ ಕಿಟಕಿಯಿಂದ ಬೆಟ್ಟ. ನನ್ನ ಹೆಂಡತಿ ಆಗಲೇ ತುಳಸಿ ಕುಂಡ ಎಲ್ಲಿಡುವುದು ಅಂತ ಲೆಕ್ಕ ಹಾಕುತ್ತಿದ್ದಳು. ಮಾರುವವರ ಕಡೆಯ ಏಜೆಂಟು ಇಪ್ಪತ್ತು ನಿಮಿಷ ನಲ್ಲಿ ಬಿಟ್ಟು ತೋರಿಸಿದ. ರಭಸವಾಗಿ ಬಂತು. ಊರಲ್ಲಿ ಬೋರು ಕೊರೆಸಿ ಕೈ ಸುಟ್ಟುಕೊಂಡ ಅಪ್ಪನ ಮಗ ನಾನು. ನಾಲ್ಕು ಗಂಟೆ ಓಡಿಸಿ ಅಂದೆ. ಅವನು ಮುಖ ಸಿಂಡರಿಸಿದ. ಬಕೆಟ್ಟು, ಗಡಿಯಾರ ಹಿಡಿದುಕೊಂಡು ಹೊರಗಿನ ನಲ್ಲಿ ಹತ್ತಿರ ಕೂತೆ. ಒಂದು ಗಂಟೆ ಐವತ್ತು ನಿಮಿಷಕ್ಕೆ ನಲ್ಲಿ ಕೆಮ್ಮಿತು. ಆಮೇಲೆ ಕಾಫಿ ಬಣ್ಣದ ನೀರು, ಆಮೇಲೆ ಬರೀ ಗಾಳಿ. ಬಾವಿಯ ಕೊಳವೆಯಲ್ಲಿ ನಿಂತಿದ್ದ ನೀರು ಮುಗಿದಿತ್ತು, ಅಷ್ಟೇ. ನಾವು ವಾಪಸ್ ಬಂದೆವು. ನಾಲ್ಕು ಗಂಟೆಯ ಈ ಪರೀಕ್ಷೆಗೆ ಒಂದಷ್ಟು ನೂರು ಡಾಲರ್ ಆಗುತ್ತದೆ. ಹೊಸ ಬಾವಿ ಕೊರೆಸಿದರೆ ಸಾವಿರಗಟ್ಟಲೆ, ಆಳ ಜಾಸ್ತಿಯಾದರೆ ಹತ್ತಾರು ಸಾವಿರ.

ಸೆಪ್ಟಿಕ್ಕೂ ಅಷ್ಟೇ. ಟ್ಯಾಂಕ್ ಖಾಲಿ ಮಾಡಿಸಿ ಒಳಗೆ ನೋಡಿಸಿ. ನೀರು ಇಂಗುವ ಜಾಗದ ಮೇಲೆ ಯಾರಾದರೂ ಟ್ರಕ್ ನಿಲ್ಲಿಸಿದ್ದಾರಾ, ಶೆಡ್ ಕಟ್ಟಿದ್ದಾರಾ ನೋಡಿ.

ಸಾಲದ ಬಾಗಿಲು

ಇದು ವೀಸಾ ಮೇಲೆ ನಿಂತಿರುವ ವಿಷಯ, ಹಾಗಾಗಿ ನಮ್ಮವರು ಮನೆ ನೋಡುವ ಮುಂಚೆಯೇ ತಿಳಿದುಕೊಳ್ಳಬೇಕು.

ಹಳ್ಳಿಗಾಡಿನಲ್ಲಿ ಮನೆ ಕೊಳ್ಳುವವರಿಗೆ ಅಮೆರಿಕದ ಕೃಷಿ ಇಲಾಖೆ ಖಾತ್ರಿ ನಿಲ್ಲುವ ಸಾಲವಿದೆ. ಯುಎಸ್‌ಡಿಎ ಸಾಲ ಅನ್ನುತ್ತಾರೆ. ಮುಂಗಡ ಸೊನ್ನೆ. ಬದಲಿಗೆ ಸಾಲದ ಶೇ. 1 ಮೊದಲೇ ಶುಲ್ಕ, ಆಮೇಲೆ ವರ್ಷಕ್ಕೆ ಶೇ. 0.35. ಮನೆಯ ಒಟ್ಟು ಆದಾಯ ಆ ಪ್ರದೇಶದ ಮಧ್ಯಮ ಆದಾಯದ ಶೇ. 115 ದಾಟಬಾರದು. ಇಬ್ಬರೂ ಐಟಿ ಸಂಬಳದವರಾದರೆ ಇಲ್ಲೇ ಬಾಗಿಲು ಮುಚ್ಚಿತು. ಎಚ್-1ಬಿಯವರಿಗೂ ಇದು ಇಲ್ಲ. ಗ್ರೀನ್ ಕಾರ್ಡ್ ಇದ್ದು ಒಬ್ಬರ ದುಡಿಮೆಯಲ್ಲಿ ನಡೆಯುವ ಸಂಸಾರಕ್ಕೆ ಮಾತ್ರ ಇದು ವರ.

ಶೇ. 3.5 ಮುಂಗಡದ ಎಫ್‌ಎಚ್‌ಎ ಸಾಲ, ಅಂದರೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆ ಖಾತ್ರಿ ನಿಲ್ಲುವ ಸಾಲ, ಮೊದಲು ಎಚ್-1ಬಿಯವರಿಗೂ ಸಿಗುತ್ತಿತ್ತು. 2025ರ ಮೇ ಕೊನೆಯಿಂದ ಅದೂ ನಿಂತಿದೆ. ಈಗ ನಾಗರಿಕರು, ಗ್ರೀನ್ ಕಾರ್ಡಿನವರಿಗೆ. ಹಳೆಯ ಲೇಖನ ಓದಿ ಲೆಕ್ಕ ಹಾಕಿಕೊಂಡವರು ಎಡವುವುದು ಇಲ್ಲೇ. ವೀಸಾದಲ್ಲಿರುವವರಿಗೆ ಉಳಿದಿರುವುದು ಸರ್ಕಾರದ ಈ ಖಾತ್ರಿಗಳಿಲ್ಲದ ಮಾಮೂಲಿ ಕನ್ವೆನ್ಷನಲ್ ಸಾಲ. ಕೆಲಸದ ಮತ್ತು ವೀಸಾದ ಕಾಗದ ಜಾಸ್ತಿ ಕೇಳುತ್ತಾರೆ, ಆದರೆ ಸಿಗುತ್ತದೆ.

ತಿಂಗಳ ಕಂತಿನ ಅಂದಾಜಿಗೆ: 3 ಲಕ್ಷ ಡಾಲರ್ ಸಾಲ, ಶೇ. 6.5 ಬಡ್ಡಿ, 30 ವರ್ಷ ಅಂದರೆ ಸುಮಾರು 1,896 ಡಾಲರ್. ಇದರ ಮೇಲೆ ತೆರಿಗೆ, ವಿಮೆ. ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಮನೆ ತೆರಿಗೆಯ ಕಥೆ ಮಾತ್ರ ವಿಚಿತ್ರ. 1997ರಲ್ಲಿ ಬಂದ ಮೆಷರ್ 50 ಅನ್ನುವ ರಾಜ್ಯದ ತೆರಿಗೆ ಕಾನೂನಿನ ಪ್ರಕಾರ ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 3ಕ್ಕಿಂತ ಜಾಸ್ತಿ ಏರುವಂತಿಲ್ಲ, ಮನೆ ಕೈ ಬದಲಾದರೂ ಅದು ಮಾರುಕಟ್ಟೆ ಬೆಲೆಗೆ ಜಿಗಿಯುವುದಿಲ್ಲ. ಹಾಗಾಗಿ ಒಂದೇ ಬೆಲೆಯ ಎರಡು ಮನೆಗೆ ತೆರಿಗೆ ಬೇರೆಬೇರೆ ಇರಬಹುದು. ಅಂದಾಜು ಕೇಳಬೇಡಿ, ಹೋದ ವರ್ಷದ ಬಿಲ್ ಕೇಳಿ.

ಒಂದು: ಊರೊಳಗಿನ ಹಳೆಯ ಚಿಕ್ಕ ಮನೆ

ಪ್ರೈನ್‌ವಿಲ್ ಮೊದಲು ಮರದ ಮಿಲ್ಲುಗಳ ಊರು. ಮಿಲ್ಲು ಕೆಲಸಗಾರರ ಕಾಲದ ಎರಡು ಮೂರು ಬೆಡ್‌ರೂಮಿನ ಮನೆಗಳು ಊರೊಳಗೆ ಇನ್ನೂ ಬೇಕಾದಷ್ಟಿವೆ. ಮ್ಯಾಡ್ರಸ್‌ನಲ್ಲೂ ಇವೆ. ನಲ್ಲಿ ನೀರು, ಒಳಚರಂಡಿ, ಹತ್ತಿರದಲ್ಲೇ ಶಾಲೆ. ಎರಡೂ ಊರಲ್ಲಿ ಚಿಕ್ಕದಾದರೂ ಆಸ್ಪತ್ರೆ ಇದೆ. ಚಿಕ್ಕ ಮಗು ಇರುವವರಿಗೆ, ಊರಿಂದ ಅಪ್ಪ ಅಮ್ಮ ಆರು ತಿಂಗಳು ಬಂದಿರುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಅಜ್ಜಿ ನಡೆದುಕೊಂಡು ಪಾರ್ಕಿಗೆ ಹೋಗಬಹುದು ಅನ್ನುವುದು ಸಣ್ಣ ವಿಷಯವಲ್ಲ.

ಕೊರತೆ ಇರುವುದು ಗೋಡೆಯೊಳಗೆ. ಥರ್ಮೊಕೋಲಿನಷ್ಟೂ ಇನ್ಸುಲೇಷನ್ ಇಲ್ಲದ ಮನೆ ನೋಡಿದ್ದೇನೆ. ಚಳಿಗಾಲದ ವಿದ್ಯುತ್ ಬಿಲ್ ಕೇಳಿ ನೋಡಿ, ಗೊತ್ತಾಗುತ್ತದೆ. 1978ಕ್ಕಿಂತ ಹಳೆಯದಾದರೆ ಬಣ್ಣದಲ್ಲಿ ಸೀಸ ಇರಬಹುದು; ತೆವಳುವ ಮಗು ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಹಳೆಯ ಮನೆಗಳಲ್ಲಿ ಕೆಲವೊಮ್ಮೆ ಅಂಗಳದಡಿ ಮರೆತುಹೋದ ಎಣ್ಣೆ ಟ್ಯಾಂಕ್ ಹೂತಿರುತ್ತದೆ. ಪ್ರಮಾಣಪತ್ರವಿಲ್ಲದ ಹಳೆಯ ಸೌದೆ ಒಲೆ ಇದ್ದರೆ ಮಾರುವಾಗ ಕಿತ್ತು ಹಾಕಬೇಕು ಅಂತ 2010ರಿಂದ ಕಾನೂನಿದೆ. ಅದನ್ನು ಯಾರ ಖರ್ಚಲ್ಲಿ ತೆಗೆಸುವುದು ಅಂತ ಕರಾರಿನಲ್ಲೇ ಬರೆಸಿ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಬಿಡುತ್ತಾ, ಒಳಗೇ ಸುತ್ತಿಸುತ್ತಾ ಅಂತಲೂ ನೋಡಿ. ಮೆಣಸಿನಕಾಯಿ ಒಗ್ಗರಣೆ ಹಾಕುವವರಿಗೆ ಈ ಮಾತು ಅರ್ಥವಾಗುತ್ತದೆ.

ರಿಪೇರಿಗೆ ಬೆಲೆಯ ಹತ್ತರಲ್ಲಿ ಒಂದು ಪಾಲು ಬೇರೆ ಎತ್ತಿಡಿ. ಅಷ್ಟು ಇಲ್ಲದಿದ್ದರೆ ಇನ್ನೂ ಚಿಕ್ಕ ಮನೆ ನೋಡಿ.

ಎರಡು: ಹೊಸ ಬಡಾವಣೆಯ ಮನೆ

ಹತ್ತಿರದ ರೆಡ್ಮಂಡ್ ಊರಿನಲ್ಲಿ, ಪ್ರೈನ್‌ವಿಲ್ ಅಂಚಿನಲ್ಲಿ ಸಾಲಾಗಿ ಕಟ್ಟುತ್ತಿದ್ದಾರೆ. ಇನ್ಸುಲೇಷನ್ ಚೆನ್ನಾಗಿದೆ, ವಾರಂಟಿ ಇದೆ, ಸಾಲ ಸಲೀಸು. ಬಿಲ್ಡರ್ ಕೆಲವೊಮ್ಮೆ ಬಡ್ಡಿ ಇಳಿಸಿಕೊಡುತ್ತಾನೆ. ಬೆಲೆ ಜಾಸ್ತಿ, ಅಂಗಳ ಕರವಸ್ತ್ರದಷ್ಟು. ಮನೆ ಮಾಲೀಕರ ಅಸೋಸಿಯೇಷನ್ ಇದ್ದರೆ ತಿಂಗಳ ಶುಲ್ಕ, ನಿಯಮ. ರಿಪೇರಿಗೆ ಸಮಯವೂ ಇಲ್ಲ, ಕೈಗುಣವೂ ಇಲ್ಲ, ಸಂಬಳ ಪರವಾಗಿಲ್ಲ ಅನ್ನುವವರು ಇದನ್ನು ತೆಗೆದುಕೊಳ್ಳಲಿ. ಇದರ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ.

ಒಂದು ವಿಷಯ ಬಿಟ್ಟು. ವಾಸ್ತು ನೋಡಿ ಉತ್ತರಕ್ಕೆ ಮುಖ ಮಾಡಿದ ಮನೆಯೇ ಬೇಕು ಅಂತ ಹುಡುಕುವವರಿದ್ದಾರೆ. ಇಲ್ಲಿ ಗ್ಯಾರೇಜಿನ ಮುಂದಿನ ಇಳಿಜಾರು ಉತ್ತರಕ್ಕಿದ್ದರೆ ಚಳಿಗಾಲದ ಬಿಸಿಲು ಬೀಳುವುದಿಲ್ಲ, ಬಿದ್ದ ಹಿಮ ಮಂಜುಗಡ್ಡೆಯಾಗಿ ವಾರಗಟ್ಟಲೆ ಕೂರುತ್ತದೆ. ಎದುರು ಸಾಲಿನವರ ಮನೆ ಮುಂದೆ ಮಧ್ಯಾಹ್ನಕ್ಕೆಲ್ಲ ಕರಗಿರುತ್ತದೆ. ನಾನು ದಕ್ಷಿಣದ ಮನೆ ತೆಗೆದುಕೊಂಡೆ, ಅಮ್ಮನಿಗೆ ಹೇಳಲಿಲ್ಲ.

ಮೂರು: ಎಕರೆ ಜಾಗದಲ್ಲಿ ಫ್ಯಾಕ್ಟರಿ ಮನೆ

ಕಡಿಮೆ ದುಡ್ಡಿಗೆ ಜಾಗ ಬೇಕು ಅನ್ನುವವರ ಕಣ್ಣು ಬೀಳುವುದು ಲಾ ಪೈನ್ ಮೇಲೆ. ಪೈನ್ ಮರಗಳ ನಡುವೆ ಒಂದೆಕರೆ, ಅದರಲ್ಲೊಂದು ಮ್ಯಾನುಫ್ಯಾಕ್ಚರ್ಡ್ ಹೋಮ್, ಅಂದರೆ ಫ್ಯಾಕ್ಟರಿಯಲ್ಲಿ ಕಟ್ಟಿ ಲಾರಿಯಲ್ಲಿ ತಂದು ಇಳಿಸಿದ ಮನೆ. ಮೂಗು ಮುರಿಯಬೇಡಿ. ಎರಡು ಭಾಗ ಜೋಡಿಸಿದ ಡಬಲ್-ವೈಡ್ ಒಳಗೆ ಹೋದರೆ ಮೂರು ಬೆಡ್‌ರೂಮು, ದೊಡ್ಡ ಹಾಲು, ಮಾಮೂಲಿ ಮನೆಯ ಹಾಗೇ ಇರುತ್ತದೆ.

ಇಲ್ಲಿ ಒಂದು ತಾರೀಖು ನೆನಪಿಡಿ: 1976ರ ಜೂನ್ 15. ಅಂದಿನಿಂದ ಕಟ್ಟಿದ ಮನೆಗಳಿಗೆ ಹಡ್ ಕೋಡ್, ಅಂದರೆ ಕೇಂದ್ರ ವಸತಿ ಇಲಾಖೆಯ ಕಟ್ಟಡ ನಿಯಮ, ಅನ್ವಯ. ಅದಕ್ಕೂ ಹಳೆಯದಾದರೆ ಹೆಚ್ಚುಕಮ್ಮಿ ಯಾರೂ ಸಾಲ ಕೊಡುವುದಿಲ್ಲ. ಕೊಟ್ಟರೂ ನಾಳೆ ನೀವು ಮಾರುವಾಗ ಕೊಳ್ಳುವವರಿಗೆ ಸಿಗುವುದಿಲ್ಲ. ಹೊರಗೋಡೆಯ ಮೂಲೆಯಲ್ಲಿ ಎರಡು ಇಂಚು ಅಗಲ, ನಾಲ್ಕು ಇಂಚು ಉದ್ದದ ಕೆಂಪು ಲೋಹದ ಪಟ್ಟಿ ಇರಬೇಕು. ಒಳಗೆ ಅಡುಗೆಮನೆ ಕಪಾಟಿನಲ್ಲೋ ಬೆಡ್‌ರೂಮಿನ ಕ್ಲಾಸೆಟ್‌ನಲ್ಲೋ ಮೀಟರ್ ಬೋರ್ಡಿನ ಹತ್ತಿರವೋ ಒಂದು ಕಾಗದ ಅಂಟಿಸಿರುತ್ತಾರೆ, ಡೇಟಾ ಪ್ಲೇಟ್ ಅಂತ. ಮೊಬೈಲಿನ ಟಾರ್ಚ್ ಹಾಕಿ ಓದಿ. ಚಾವಣಿ ಎಷ್ಟು ಹಿಮದ ಭಾರ ತಡೆಯುತ್ತದೆ ಅಂತ ಅದರಲ್ಲಿದೆ: ದಕ್ಷಿಣ ವಲಯದ್ದಾದರೆ ಚದರಡಿಗೆ 20 ಪೌಂಡ್, ಉತ್ತರದ್ದಾದರೆ 40. ಬೆಚ್ಚಗಿನ ರಾಜ್ಯಕ್ಕೆಂದು ಮಾಡಿದ್ದನ್ನು ತಂದು ಇಲ್ಲಿ ಇಳಿಸಿದ್ದಾರಾ ಅಂತ ತಿಳಿಯುವುದು ಇದರಿಂದಲೇ. ಕಾಯಂ ಅಡಿಪಾಯ ಇದೆಯಾ, ಮನೆ ಜಾಗದ ಜೊತೆಗೇ ದಾಖಲಾಗಿದೆಯಾ ಅಂತ ಸಾಲ ಕೊಡುವವರಿಗಿಂತ ಮೊದಲೇ ನೀವು ಕೇಳಿ. ಯುಎಸ್‌ಡಿಎ ಸಾಲದಲ್ಲಿ ಹಳೆಯ ಫ್ಯಾಕ್ಟರಿ ಮನೆಗೆ ನಿಯಮ ಬೇರೆ. ಜಾಗ ಬಾಡಿಗೆಯದಾಗಿ ಮನೆ ಮಾತ್ರ ನಿಮ್ಮದಾಗುವ ಪಾರ್ಕುಗಳೂ ಇವೆ. ನೋಡಲು ತೀರಾ ಅಗ್ಗ, ಆದರೆ ಜಾಗದ ಬಾಡಿಗೆ ಏರುತ್ತಲೇ ಇರುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಈಗ ಲಾ ಪೈನ್ ನೀರು. ಅಲ್ಲಿಯ ನೆಲ ಪುರಾತನ ಮಝಾಮಾ ಜ್ವಾಲಾಮುಖಿಯ ಪ್ಯೂಮಿಸ್ ಕಲ್ಲುಪುಡಿ, ಮರಳು. ಹಲವು ಕಡೆ ನೂರಡಿಯೊಳಗೇ ನೀರು. ಬೋರಿಗೆ ಪಾಯಿಂಟ್ ಮಾಡಿಸಿ ಕಾಯಿ ಒಡೆದು ಬೇಡಿಕೊಳ್ಳುವ ನಮಗೆ ಇದು ಸ್ವರ್ಗ ಅನ್ನಿಸುತ್ತದೆ. ಆದರೆ ಸೆಪ್ಟಿಕ್ ನೀರೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಮನೆಗಳು ಹೆಚ್ಚಿದ ಹಾಗೆ ಮೇಲ್ಪದರದ ಅಂತರ್ಜಲಕ್ಕೆ ನೈಟ್ರೇಟ್ ಸೇರುತ್ತಿದೆ ಅಂತ ಅಮೆರಿಕದ ಭೂವಿಜ್ಞಾನ ಸಂಸ್ಥೆ ಅಲ್ಲಿ ಅಧ್ಯಯನ ಮಾಡಿದೆ. ಲೀಟರಿಗೆ 10 ಮಿಲಿಗ್ರಾಂ ಮಿತಿ. ಅದಕ್ಕಿಂತ ಜಾಸ್ತಿಯಾದರೆ ಎಳೆಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. "ಕುದಿಸಿ ಆರಿಸಿ ಕೊಟ್ಟರೆ ಆಯ್ತಲ್ಲ?" ಅನ್ನುತ್ತಾರೆ ನಮ್ಮವರು. ಆಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಫಿಲ್ಟರ್ ತೆಗೆಯುತ್ತದೆ. ಸೆಪ್ಟಿಕ್ ಹೊಸದಾಗಿ ಹಾಕಿಸಬೇಕಾದರೆ ನೈಟ್ರೋಜನ್ ಕಡಿಮೆ ಮಾಡುವ ದುಬಾರಿ ವ್ಯವಸ್ಥೆಯನ್ನೇ ಕೌಂಟಿ, ಅಂದರೆ ಇಲ್ಲಿಯ ಜಿಲ್ಲಾಡಳಿತ, ಕೇಳಬಹುದು. ಇಪ್ಪತ್ತು ಸಾವಿರ ಡಾಲರ್ ದಾಟಿದರೆ ಆಶ್ಚರ್ಯವಿಲ್ಲ. ಖಾಲಿ ಸೈಟಾದರೆ ಅಲ್ಲಿ ಸೆಪ್ಟಿಕ್‌ಗೆ ಅನುಮತಿ ಸಿಗುತ್ತಾ ಅನ್ನುವುದೇ ಮೊದಲ ಪ್ರಶ್ನೆ. ನೀರು ತೀರಾ ಮೇಲಿರುವ ಕಡೆ ಸಿಗುವುದಿಲ್ಲ.

ಟೊಮ್ಯಾಟೊ ಆಸೆಯವರಿಗೆ ಇನ್ನೊಂದು ಮಾತು. ಲಾ ಪೈನ್‌ನಲ್ಲಿ ಜುಲೈನಲ್ಲೂ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಡಬಹುದು. ತೋಟ ಬೇಕಾದರೆ ಮ್ಯಾಡ್ರಸ್ ಕಡೆ ನೋಡಿ. ಅಲ್ಲಿ ಕ್ಯಾರೆಟ್ ಬೀಜ ಬೆಳೆಯುವ ದೊಡ್ಡ ಹೊಲಗಳಿವೆ. ಆದರೆ ಕಾಲುವೆ ನೀರಿನ ಹಕ್ಕು ಜಾಗದ ಜೊತೆ ಬರುತ್ತಾ ಕೇಳಿ. ಬಂದರೂ ಅದು ಎಷ್ಟು ಹಳೆಯ ಹಕ್ಕು ಅನ್ನುವುದು ಮುಖ್ಯ. ಮ್ಯಾಡ್ರಸ್‌ನ ನಾರ್ತ್ ಯೂನಿಟ್ ಕಾಲುವೆಯ ಹಕ್ಕು 1913ರದ್ದು, ಸುತ್ತಿನಲ್ಲಿ ಕಿರಿಯದು. ಬರ ಬಂದರೆ ಹಳೆಯ ಹಕ್ಕಿನವರಿಗೆ ಮೊದಲು ನೀರು. 2021ರಲ್ಲಿ ಅಲ್ಲಿಯ ರೈತರು ಹೊಲ ಬೀಳು ಬಿಟ್ಟಿದ್ದರು. ಮನೆ ಬಳಕೆಯ ಬೋರಿನಲ್ಲಿ ಅರ್ಧ ಎಕರೆವರೆಗೆ ಸ್ವಂತ ತೋಟಕ್ಕೆ ನೀರು ಹಾಯಿಸಲು ಮಾತ್ರ ಬೇರೆ ಹಕ್ಕು ಬೇಕಿಲ್ಲ.

ಬೆಂಕಿ. 2024ರ ಜೂನ್‌ನಲ್ಲಿ ಡಾರ್ಲೀನ್ 3 ಅನ್ನುವ ಕಾಳ್ಗಿಚ್ಚು ಲಾ ಪೈನ್ ಅಂಚಿಗೇ ಬಂದು ಜನ ಮನೆ ಬಿಟ್ಟು ಹೊರಟಿದ್ದರು. ಪೈನ್ ಮರದ ನೆರಳು ಚೆಂದ, ವಿಮೆಯವರಿಗೆ ಅದೇ ಭಯ. ಇನ್‌ಸ್ಪೆಕ್ಷನ್‌ಗೆ ಕರಾರಿನಲ್ಲಿ ಸಿಗುವ ದಿನಗಳೊಳಗೇ ವಿಮೆಯ ದರ ಬರಹದಲ್ಲಿ ತರಿಸಿ. ಬೆಂಕಿ ಆರಿಸಲು ನೀರು ಕೊಡುವ ಹೈಡ್ರಂಟ್ ಎಷ್ಟು ದೂರ, ಫೈರ್ ಸ್ಟೇಷನ್ ಎಷ್ಟು ಮೈಲಿ ಅಂತ ಅವರು ಕೇಳುತ್ತಾರೆ.

ಮತ್ತೆ ದೂರ. ಲಾ ಪೈನ್‌ನಲ್ಲಿ ಆಸ್ಪತ್ರೆ ಇಲ್ಲ, ಈ ಸೀಮೆಯ ದೊಡ್ಡ ಊರಾದ ಬೆಂಡ್ 30 ಮೈಲಿ. ದಿನಾ ಬೆಂಡ್‌ಗೆ ಹೋಗಿ ಬಂದರೆ 60 ಮೈಲಿ, ತಿಂಗಳಿಗೆ 22 ದಿನ ಅಂದರೆ 1,320 ಮೈಲಿ. ಗ್ಯಾಲನ್ನಿಗೆ 25 ಮೈಲಿ ಓಡುವ ಕಾರು, 4 ಡಾಲರ್ ಪೆಟ್ರೋಲು: ತಿಂಗಳಿಗೆ 211 ಡಾಲರ್ ಸುಟ್ಟಿತು. ಅಷ್ಟರಲ್ಲಿ ಇನ್ನೂ 33 ಸಾವಿರ ಡಾಲರ್ ಸಾಲದ ಕಂತು ಕಟ್ಟಬಹುದಿತ್ತು. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೇರೆ ಟೈರು. ಕರೆಂಟ್ ಹೋದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ನೀರಿಲ್ಲ. ಜನರೇಟರ್ ದುಡ್ಡೂ ಸೇರಿಸಿಕೊಳ್ಳಿ. ಫ್ಯಾಕ್ಟರಿ ಮನೆಯ ನೆಲದಡಿಯ ಪೈಪಿಗೆ, ನೀರು ಹೆಪ್ಪುಗಟ್ಟದ ಹಾಗೆ ಬಿಸಿ ಮಾಡಲು ಸುತ್ತಿರುವ ಹೀಟ್ ಟೇಪ್ ಕೆಲಸ ಮಾಡುತ್ತಿದೆಯಾ, ಬಗ್ಗಿ ನೋಡಿ.

ನಾಲ್ಕು: ಖಾಲಿ ಜಾಗ ಕೊಂಡು ಕಟ್ಟಿಸುವುದು

ದಕ್ಷಿಣಕ್ಕೆ ಲೇಕ್ ಕೌಂಟಿಯ ಕ್ರಿಸ್ಮಸ್ ವ್ಯಾಲಿಯಲ್ಲಿ ಎಕರೆಗಟ್ಟಲೆ ಜಾಗ ಹಳೆ ಕಾರಿನ ಬೆಲೆಗೆ ಕಾಣಿಸುತ್ತದೆ. 1960ರ ದಶಕದಲ್ಲಿ ಡೆವಲಪರ್ ಒಬ್ಬರು ಅದನ್ನು ಹಸಿರು ಕಣಿವೆ ಅನ್ನುವ ಹಾಗೆ ಜಾಹೀರಾತು ಮಾಡಿ ದೂರದ ಊರಿನವರಿಗೆ ಮಾರಿದ್ದರು. ಇವತ್ತಿಗೂ ಬಹುಪಾಲು ಸೇಜ್ ಪೊದೆಯೇ. ರಸ್ತೆ, ಕರೆಂಟು, ಬೋರು, ಸೆಪ್ಟಿಕ್ ನಾಲ್ಕನ್ನೂ ನೀವೇ ತರಬೇಕು. ಸಾಧಾರಣ ಬಜೆಟ್ಟಿನ ಸಂಸಾರಕ್ಕೆ ಬೇಡ. ಪಕ್ಕದವರ ದನ ನಿಮ್ಮ ಜಾಗಕ್ಕೆ ನುಗ್ಗಿದರೂ, ಅದು ಓಪನ್ ರೇಂಜ್, ಅಂದರೆ ದನ ಬಿಟ್ಟು ಮೇಯಿಸಬಹುದಾದ ಪ್ರದೇಶ, ಆದರೆ, ಬೇಲಿ ಹಾಕಿಕೊಳ್ಳಬೇಕಾದವರು ನೀವೇ.

ಯಾರಿಗೆ ಯಾವುದು

ಎಚ್-1ಬಿ ದಂಪತಿಗೆ ಮ್ಯಾಡ್ರಸ್ ಊರೊಳಗಿನ ಮನೆ ನೋಡಿ ಅಂದೆ. ಕನ್ವೆನ್ಷನಲ್ ಸಾಲ, ನಲ್ಲಿ ನೀರು, ಪೋರ್ಟ್‌ಲ್ಯಾಂಡ್‌ಗೆ ಉಳಿದ ಎರಡೂ ಊರಿಗಿಂತ ಹತ್ತಿರ. ವೀಸಾ ಕೈಕೊಟ್ಟು ಮಾರಬೇಕಾಗಿ ಬಂದರೆ ಊರೊಳಗಿನ ಮನೆ ಬೇಗ ಹೋಗುತ್ತದೆ, ಬೋರಿನ ಮನೆ ಕಾಯಿಸುತ್ತದೆ. ಗೋಡೆಯ ಬಣ್ಣಕ್ಕೆ ಸೀಸದ ಪರೀಕ್ಷೆ ಮಾಡಿಸಿ, ಒಂದು ಕಿಟಕಿ ಚೌಕಟ್ಟು ಬದಲಾಯಿಸುವ ಷರತ್ತಿನಲ್ಲಿ ಒಂದು ಮನೆ ಒಪ್ಪಿದ್ದಾರೆ.

ಡೇಟಾ ಸೆಂಟರ್‌ನವರು ಯುಎಸ್‌ಡಿಎ ಸಾಲದಲ್ಲಿ ಪ್ರೈನ್‌ವಿಲ್‌ನ ಎರಡು ಬೆಡ್‌ರೂಮಿನ ಮನೆ ತೆಗೆದುಕೊಂಡರು. ಮಕ್ಕಳಿಬ್ಬರೂ ಒಂದೇ ರೂಮು ಅಂತ ಮುನಿಸು. ಮಳೆಹನಿ ತಪ್ಪಿಸಿಕೊಂಡು ಓಡುವ ಹಿಲ್ಸ್‌ಬೊರೊ ಮಕ್ಕಳಿಗೆ ಇಲ್ಲಿ ಸಂಜೆವರೆಗೂ ಹೊರಗೇ ಆಟ.

ಮೂರನೆಯವರು ನನ್ನ ಮಾತು ಕೇಳಲಿಲ್ಲ. ಟೊಮ್ಯಾಟೊ ಆಗದಿದ್ದರೆ ಬೇಡ, ಲಾ ಪೈನ್‌ನ ಆ ಪೈನ್ ಮರಗಳು ಸಾಕು ಅಂದರು. 1994ರ ಡಬಲ್-ವೈಡ್, ಕೆಂಪು ಪಟ್ಟಿ ಇದೆ, ಉತ್ತರ ವಲಯದ ಚಾವಣಿ, ವಿಮೆಯ ದರ ಬಂದಿದೆ, ಬಾವಿ ನಾಲ್ಕು ಗಂಟೆ ಓಡಿದೆ. ನೈಟ್ರೇಟ್ ರಿಪೋರ್ಟಿಗೆ ಕಾಯುತ್ತಿದ್ದಾರೆ. ಸೋಮವಾರ ಬರುತ್ತದಂತೆ.